ನೀಲಿ ಗುಹೆಯಲ್ಲೊಂದು ಹಳೆಯ ಪಾಠ

ಸಮುದ್ರದ ನೀರು ನೀಲಿಯಾಗಿ ಕಾಣುವುದೇಕೆ? ಎರಡು ಅಂಕಗಳ ಪ್ರಶ್ನೆ. ಕರಾವಳಿಯ ಒಂದು ಹೈಸ್ಕೂಲಿಗೆ ನಾನು ವಿಜ್ಞಾನದ ಮೇಷ್ಟ್ರಾಗಿ ಸೇರಿದ ಹೊಸತರಲ್ಲಿ, ಅಂದರೆ 1998ರಲ್ಲಿ, ಒಂಬತ್ತನೇ ತರಗತಿಯ ಕಿರುಪರೀಕ್ಷೆಗೆ ಇದನ್ನು ಕೊಟ್ಟಿದ್ದೆ. 'ಆಕಾಶದ ನೀಲಿ ನೀರಿನ ಮೇಲೆ ಪ್ರತಿಫಲಿಸುವುದರಿಂದ' ಎಂಬುದು ನಾನು ಬರೆಸಿದ್ದ ಉತ್ತರ. ನಲವತ್ತೆರಡು ಮಕ್ಕಳಲ್ಲಿ ನಲವತ್ತೊಂದು ಮಂದಿ ಹಾಗೆಯೇ ಬರೆದಿದ್ದರು. ಮೀನುಗಾರರ ಮನೆಯ ಒಬ್ಬ ಹುಡುಗ ಮಾತ್ರ 'ನೀರಿಗೇ ಬಣ್ಣ ಇದೆ' ಎಂದು ಮೂರೇ ಶಬ್ದ ಬರೆದಿದ್ದ. ಕೆಂಪು ಶಾಯಿಯಲ್ಲಿ ಅದನ್ನು ಹೊಡೆದು ಸೊನ್ನೆ ಹಾಕಿದೆ.

ಮರುದಿನ ಅವನು ಎದ್ದು ನಿಂತ. "ಸಾರ್, ಮೋಡ ಕವಿದ ದಿನವೂ ಆಳಕಡಲು ನೀಲಿಯೇ ಇರ್ತದೆ ಅಂತ ಅಪ್ಪ ಹೇಳ್ತಾರೆ. ದಡದ ಹತ್ತಿರ ಆಕಾಶ ಅದೇ, ನೀರು ಮಾತ್ರ ಮಣ್ಣಿನ ಬಣ್ಣ. ಅದು ಯಾಕೆ?" ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಇಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. "ಪರೀಕ್ಷೆಗೆ ಬರೆಯುವುದು ಪುಸ್ತಕದಲ್ಲಿದ್ದದ್ದನ್ನು, ನಿಮ್ಮ ಅಪ್ಪ ಹೇಳಿದ್ದನ್ನಲ್ಲ. ಕೂತ್ಕೋ" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ಕುಳಿತ. ಆ ವರ್ಷ ಮತ್ತೆ ಒಂದು ಪ್ರಶ್ನೆಯನ್ನೂ ಅವನು ಕೇಳಲಿಲ್ಲ.

ಅವನ ಪ್ರಶ್ನೆಗೆ ಉತ್ತರ ಕಣ್ಣೆದುರು ಬಂದು ನಿಲ್ಲಲು ಇಪ್ಪತ್ತೇಳು ವರ್ಷ ಬೇಕಾಯಿತು. ಅದೂ ಎಲ್ಲಿ? ಸಾವಿರಾರು ಮೈಲಿ ದೂರದ ಆಡ್ರಿಯಾಟಿಕ್ ಕಡಲಿನ ದಂಡೆಯಲ್ಲಿ, ಅರ್ಧ ದಿನದ ಸ್ಪೀಡ್‌ಬೋಟ್ ಪ್ರವಾಸವೊಂದರ ನಡುವೆ!

ಕೃಷ್ಣಗಿರಿಯ ನಾಡು

ಮಗಳಿಗೆ ವಿಯೆನ್ನಾದಲ್ಲಿ ಉದ್ಯೋಗ. 2025ರ ಬೇಸಿಗೆ ರಜೆಯಲ್ಲಿ ನಾನೂ ನನ್ನ ಹೆಂಡತಿಯೂ ಅವಳಲ್ಲಿಗೆ ಹೋಗಿದ್ದಾಗ, "ಅಪ್ಪಾ, ನಾಲ್ಕು ದಿನ ಕಡಲು ನೋಡಿ ಬರೋಣ" ಎಂದಳು. ಕರಾವಳಿಯವನನ್ನು ಕಡಲು ನೋಡಲು ಕರೆದೊಯ್ಯುವುದೆಂದರೆ ಹೊಳೆಯ ಮೀನಿಗೆ ನೀರು ತೋರಿಸಿದಂತೆ. ಆದರೂ ಹೊರಟೆವು. ಮೊಂಟೆನೆಗ್ರೊ ದೇಶದ ಕೊಟೊರ್ ಎಂಬ ಊರಿಗೆ.

ನಾನು ಶಾಲೆಯಲ್ಲಿ ಓದುವಾಗ ಭೂಪಟದಲ್ಲಿ ಈ ಹೆಸರಿನ ದೇಶವಿರಲಿಲ್ಲ. ಆಗ ಇದ್ದದ್ದು ಯುಗೊಸ್ಲಾವಿಯ. ನೆಹರೂ ಮತ್ತು ನಾಸರ್ ಜೊತೆ ಅಲಿಪ್ತ ಚಳವಳಿ ಕಟ್ಟಿದ ಮಾರ್ಷಲ್ ಟಿಟೊ ಅವರ ದೇಶ. ಆ ಯುಗೊಸ್ಲಾವಿಯ ಒಡೆದು ಹಲವು ದೇಶಗಳಾಯಿತು. ಮೊಂಟೆನೆಗ್ರೊ ಸ್ವತಂತ್ರವಾದದ್ದು 2006ರಲ್ಲಿ. ಅಲ್ಲಿಯವರು ತಮ್ಮ ನಾಡನ್ನು 'ತ್ಸರ್ನಾ ಗೋರಾ' ಎನ್ನುತ್ತಾರೆ, ಎಂದರೆ ಕಪ್ಪು ಬೆಟ್ಟ. ಅವರ 'ತ್ಸರ್ನಾ'ಗೂ ಸಂಸ್ಕೃತದ 'ಕೃಷ್ಣ'ಕ್ಕೂ, 'ಗೋರಾ'ಕ್ಕೂ 'ಗಿರಿ'ಗೂ ಮೂಲ ಒಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ನಮ್ಮ ಬಾಯಲ್ಲಿ ಆ ದೇಶ ಕೃಷ್ಣಗಿರಿ!

ಕೊಟೊರ್ ಊರು ಹೆಸರಿಗೆ ಕಡಲತಡಿಯದು. ಆದರೆ ಅಲ್ಲಿಂದ ತೆರೆದ ಕಡಲು ಕಾಣುವುದೇ ಇಲ್ಲ. ಸುತ್ತ ಬೋಳು ಸುಣ್ಣಕಲ್ಲಿನ ಬೆಟ್ಟಗಳು, ನಡುವೆ ಕೆರೆಯಂತೆ ನಿಂತ ನೀರು. ಹಳೆಯ ಪೇಟೆಯನ್ನು ಬಳಸಿದ ಕೋಟೆಗೋಡೆ ಬೆಟ್ಟದ ಮೈಮೇಲೆ ಹತ್ತುತ್ತಾ ಸುಮಾರು ನಾಲ್ಕೂವರೆ ಕಿಲೋಮೀಟರ್ ಸಾಗುತ್ತದೆ. ನನಗೆ ಚಿತ್ರದುರ್ಗ ನೆನಪಾಯಿತು. 1420ರಿಂದ 1797ರವರೆಗೆ ಇದನ್ನು ಆಳಿದವರು ವೆನಿಸ್‌ನವರು. 1979ರ ಏಪ್ರಿಲ್ 15ರ ಭೂಕಂಪದಲ್ಲಿ ಊರು ಬಹಳ ನಲುಗಿತು. ಅದೇ ವರ್ಷ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಕಡಲ ಈ ಒಳತೋಳಿಗೆ ಸ್ಥಳೀಯರು 'ಬೊಕಾ' ಎನ್ನುತ್ತಾರೆ. ಬಾಯಿ ಎಂದರ್ಥ. ಪ್ರವಾಸಿ ಪುಸ್ತಿಕೆಗಳು ಇದನ್ನು ನಾರ್ವೆಯಲ್ಲಿರುವಂಥ ಫಿಯೋರ್ಡ್ ಎಂದು ಕರೆಯುವುದುಂಟು. ಅದು ಸರಿಯಲ್ಲ. ಫಿಯೋರ್ಡನ್ನು ಕೊರೆಯುವುದು ಹಿಮನದಿ, ಇದನ್ನು ಕೊರೆದದ್ದು ನೀರಿನ ನದಿ. ಹಿಮಯುಗ ಮುಗಿದು ಕಡಲಮಟ್ಟ ಏರಿದಾಗ ನದಿಯ ಕಣಿವೆ ಮುಳುಗಿಹೋಯಿತು. ಶರಾವತಿಯ ಗೇರುಸೊಪ್ಪ ಕಣಿವೆಗೆ ಸಮುದ್ರವೇ ಒಳನುಗ್ಗಿ ನಿಂತರೆ ಹೇಗಿದ್ದೀತೋ ಹಾಗೆ ಊಹಿಸಿಕೊಳ್ಳಿ.

ದೋಣಿ ಏರಿದೆವು

ತಲಾ 45 ಯೂರೋ ಕೊಟ್ಟು ಮಗಳು ಮೂರು ಟಿಕೆಟ್ ಪಡೆದಳು. ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಮಧ್ಯಾಹ್ನದೊಳಗೆ ವಾಪಸು. ದೋಣಿಯಲ್ಲಿ ಹತ್ತು ಜನ, ಹಿಂಬದಿಯಲ್ಲಿ ಎರಡು ಔಟ್‌ಬೋರ್ಡ್ ಎಂಜಿನ್. ನಡೆಸುವವನು ಇಪ್ಪತ್ತೈದರ ಆಸುಪಾಸಿನ ಹುಡುಗ. "ಮುಂದೆ ಕುಳಿತರೆ ನೋಟ ಚೆನ್ನ, ಬೆನ್ನಿಗೆ ಕಷ್ಟ. ಹಿಂದೆ ಕುಳಿತರೆ ಬೆನ್ನಿಗೆ ಸುಖ, ಬಟ್ಟೆ ಒದ್ದೆ" ಎಂದು ಇಂಗ್ಲಿಷಿನಲ್ಲಿ ಸಾರಿದ. ನನ್ನ ಹೆಂಡತಿ ಲೈಫ್ ಜಾಕೆಟ್ಟಿನ ಪಟ್ಟಿಗಳನ್ನೆಲ್ಲ ಎರಡೆರಡು ಸಲ ಬಿಗಿದುಕೊಂಡು ಹಿಂದಿನ ಸೀಟು ಹಿಡಿದಳು. ನಾನು ಮುಂದೆ ಕುಳಿತೆ.

ಮೊದಲ ಐದು ನಿಮಿಷ ದೋಣಿ ಮೂತಿ ಎತ್ತಿಕೊಂಡು ನೀರನ್ನು ಬಗೆಯುತ್ತಾ ಸಾಗಿತು. ವೇಗ ಏರಿದಂತೆ ಇದ್ದಕ್ಕಿದ್ದಂತೆ ಮೂತಿ ಇಳಿಯಿತು, ಎಂಜಿನ್ನಿನ ಏದುಸಿರು ಹಗುರಾಯಿತು. ಆಗ ದೋಣಿ ನೀರಿನೊಳಗೆ ತೇಲುತ್ತಿರಲಿಲ್ಲ, ನೀರಿನ ಮೇಲೆ ಜಾರುತ್ತಿತ್ತು. ಕೆರೆಯ ಮೇಲೆ ಚಪ್ಪಟೆ ಕಲ್ಲನ್ನು ಬೀಸಿ ಕಪ್ಪೆ ಹಾರಿಸುತ್ತೇವಲ್ಲ, ಅದೇ ತತ್ವ. ತಳ ನೀರನ್ನು ಕೆಳಕ್ಕೆ ತಳ್ಳುತ್ತದೆ, ನೀರು ದೋಣಿಯನ್ನು ಮೇಲಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೇ ನಿಯಮ. ಆದರೆ ವೇಗ ಇಮ್ಮಡಿಯಾದರೆ ಅಲೆಯ ಹೊಡೆತ ಸುಮಾರು ನಾಲ್ಮಡಿಯಾಗುತ್ತದೆ. ಆ ನಿಯಮ ನನ್ನ ಸೊಂಟಕ್ಕೆ ಬೇಗನೆ ಅರ್ಥವಾಯಿತು.

ಹೊರಡುವಾಗಲೇ ನಾನು ಗಮನಿಸಿದ್ದು ನೀರಿನ ಬಣ್ಣವನ್ನು. ಮೇಲೆ ಆಕಾಶ ಅಚ್ಚ ನೀಲಿ, ಕೆಳಗೆ ನೀರು ಮಾತ್ರ ಬಾಟಲಿ ಹಸಿರು. ಎಲ್ಲೋ ಏನೋ ಕುಟುಕಿದಂತಾಯಿತು. ಯಾಕೆಂದು ಆಗ ಹೊಳೆಯಲಿಲ್ಲ.

ಕಲ್ಲು ಸುರಿದು ಕಟ್ಟಿದ ದ್ವೀಪ

ಪೆರಾಸ್ಟ್ ಎಂಬ ಪುಟ್ಟ ಊರಿನ ಮುಂದೆ ಎರಡು ದ್ವೀಪಗಳಿವೆ. ಒಂದರಲ್ಲಿ ಎತ್ತರದ ಸೈಪ್ರೆಸ್ ಮರಗಳು, ಸಂತ ಜಾರ್ಜನ ಹೆಸರಿನ ಹಳೆಯ ಮಠ. ಅದು ಪ್ರಕೃತಿ ಕೊಟ್ಟ ದ್ವೀಪ. ಇನ್ನೊಂದು ಮನುಷ್ಯ ಕಟ್ಟಿದ್ದು. 1452ರ ಜುಲೈ 22ರಂದು ಇಬ್ಬರು ಮೀನುಗಾರ ಸೋದರರಿಗೆ ನೀರಿನಿಂದ ಮೇಲೆದ್ದ ಬಂಡೆಯ ಮೇಲೆ ಮೇರಿ ಮಾತೆಯ ಚಿತ್ರವೊಂದು ಸಿಕ್ಕಿತಂತೆ. ಅಂದಿನಿಂದ ಊರವರು ಆ ಬಂಡೆಯ ಸುತ್ತ ಕಲ್ಲು ಸುರಿದರು. ಹಳೆಯ ಹಡಗುಗಳಿಗೆ ಕಲ್ಲು ತುಂಬಿ ಅಲ್ಲೇ ಮುಳುಗಿಸಿದರು. ಹೀಗೆ ತಲೆಮಾರುಗಳ ಕಾಲ ಸುರಿದು ಸುಮಾರು ಮೂರು ಸಾವಿರ ಚದರ ಮೀಟರಿನ ದ್ವೀಪವಾಯಿತು, ಅದರ ಮೇಲೆ ಇಗರ್ಜಿ ಎದ್ದಿತು. ಈಗಲೂ ಪ್ರತಿ ವರ್ಷ ಜುಲೈ 22ರ ಸಂಜೆ ದೋಣಿಗಳ ಸಾಲು ಬಂದು ಕಲ್ಲು ಹಾಕಿ ಹೋಗುತ್ತದೆ.

ಇಪ್ಪತ್ತು ನಿಮಿಷ ಅಲ್ಲಿ ಇಳಿದೆವು. ಒಳಗೆ ತ್ರಿಪೊ ಕೊಕೊಲ್ಯಾ ಎಂಬ ಹದಿನೇಳನೇ ಶತಮಾನದ ಕಲಾವಿದ ಬರೆದ ಚಿತ್ರಗಳು, ಬಿರುಗಾಳಿಯಲ್ಲಿ ಬದುಕಿ ಬಂದ ನಾವಿಕರು ಹರಕೆ ಒಪ್ಪಿಸಿದ ಬೆಳ್ಳಿಯ ತಗಡುಗಳು. ನನ್ನ ಹೆಂಡತಿಯ ಕಣ್ಣು ನೆಟ್ಟದ್ದು ಒಂದು ಕಸೂತಿಯ ಮೇಲೆ. ಕಡಲಿಗೆ ಹೋದ ಗಂಡನಿಗಾಗಿ ಕಾಯುತ್ತಾ ಪೆರಾಸ್ಟಿನ ಹೆಂಗಸೊಬ್ಬಳು ಇಪ್ಪತ್ತೈದು ವರ್ಷ ಇದನ್ನು ಹೊಲಿದಳೆಂದು ಹೇಳುತ್ತಾರೆ. ದಾರದ ಜೊತೆ ತನ್ನ ಕೂದಲನ್ನೂ ಬಳಸಿದಳಂತೆ. ಕಸೂತಿಯಲ್ಲಿ ಕೂದಲಿನ ಬಣ್ಣ ಮೊದಮೊದಲು ಗಾಢವಾಗಿದ್ದು ಬರಬರುತ್ತಾ ನರೆಯುತ್ತದೆ. "ನಮ್ಮೂರ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ" ಎಂದಳು ಹೆಂಡತಿ. ಮಳೆಗಾಲದಲ್ಲಿ ದೋಣಿ ತಡವಾದರೆ ದಂಡೆಯಲ್ಲಿ ನಿಲ್ಲುವವರು ಯಾರೆಂಬುದು ನಮಗೂ ಗೊತ್ತು.

ಸರಪಳಿಯಿಂದ ಬಿಲದವರೆಗೆ

ಪೆರಾಸ್ಟ್ ದಾಟಿದೊಡನೆ ಬೆಟ್ಟಗಳು ಎರಡೂ ಕಡೆಯಿಂದ ಹತ್ತಿರವಾಗುತ್ತವೆ. ಇದು ವೆರಿಗೆ ಜಲಸಂಧಿ. ತೀರಾ ಕಿರಿದಾದಲ್ಲಿ ಅಗಲ ಸುಮಾರು 340 ಮೀಟರ್. ವೆರಿಗೆ ಎಂದರೆ ಸರಪಳಿ. ಹಿಂದೆ ಶತ್ರುಗಳ ಹಡಗು ಬಾರದಂತೆ ಅಡ್ಡಲಾಗಿ ಸರಪಳಿ ಬಿಗಿಯುತ್ತಿದ್ದರಂತೆ.

ಮುಂದೆ ಲುಶ್ಟಿತ್ಸಾ ಪರ್ಯಾಯ ದ್ವೀಪದ ಅಂಚಿನಲ್ಲಿ ಬಂಡೆಯಲ್ಲಿ ಕೊರೆದ ದೊಡ್ಡ ಬಿಲವೊಂದು ಎದುರಾಯಿತು. ಯುಗೊಸ್ಲಾವಿಯದ ನೌಕಾಪಡೆ ಜಲಾಂತರ್ಗಾಮಿಗಳನ್ನು ಬಚ್ಚಿಡಲು ಮಾಡಿಕೊಂಡ ಸುರಂಗ. ನಮ್ಮ ದೋಣಿ ನಿಧಾನವಾಗಿ ಒಳಹೊಕ್ಕಿತು. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ತಣ್ಣನೆಯ ಸಿಮೆಂಟು, ಪ್ರತಿಧ್ವನಿ. ಹೆದರಿಕೆಗೆಂದು ಕಟ್ಟಿದ್ದು ಈಗ ಹತ್ತು ಜನರ ಫೋಟೊಗೆ ಹಿನ್ನೆಲೆಯಾಗಿದೆ. ದೇಶ ಹೋಯಿತು, ಬಿಲ ಉಳಿಯಿತು.

ಕೊಲ್ಲಿಯ ಬಾಯಲ್ಲಿ ಮಾಮುಲಾ ಎಂಬ ದುಂಡನೆಯ ಕೋಟೆದ್ವೀಪ. 1853ರಲ್ಲಿ ಆಸ್ಟ್ರಿಯದವರು ಕಟ್ಟಿಸಿದ್ದು, ಕಟ್ಟಿಸಿದ ಸೇನಾಪತಿಯ ಹೆಸರೇ ದ್ವೀಪಕ್ಕೆ. ಎರಡನೇ ಮಹಾಯುದ್ಧದಲ್ಲಿ ಮುಸೊಲಿನಿಯ ಸೇನೆ ಇದನ್ನು ಸೆರೆಶಿಬಿರ ಮಾಡಿತ್ತು. ಜನರನ್ನು ಇಲ್ಲಿ ಹಿಂಸಿಸಿತು, ಹಸಿವಿನಿಂದ ಕೊಂದಿತು. 2023ರಿಂದ ಅದೇ ಗೋಡೆಗಳ ಒಳಗೆ ಐಷಾರಾಮಿ ಹೋಟೆಲು. ಚಾಲಕ ಹುಡುಗ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಎಂಜಿನ್ ತಗ್ಗಿಸಿದ. ದೋಣಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮಗಳ ಕನ್ನಡಕ, ರಾಮನ್ನರ ಪಟ್ಟಕ

ಅಲ್ಲಿ ನೀರು ಬದಲಾಗಿತ್ತು. ಕೊಟೊರಿನ ಬಾಟಲಿ ಹಸಿರು ಹೋಗಿ ಗಾಢ ನೀಲಿ ಬಂದಿತ್ತು. ಆಕಾಶ ಮಾತ್ರ ಅಲ್ಲಿದ್ದದ್ದೇ ಇಲ್ಲೂ. "ದಡದ ಹತ್ತಿರ ಆಕಾಶ ಅದೇ, ನೀರು ಮಾತ್ರ..." ಎಂಬ ದನಿ ಕೇಳಿಸಿದಂತಾಯಿತು. ಆಗ ನೆನಪಾಯಿತು ಆ ಹುಡುಗನ ಮುಖ.

ಬಿಸಿಲಿಗೆ ನೀರು ಕಣ್ಣು ಕುಕ್ಕುತ್ತಿತ್ತು. ಮಗಳು ತನ್ನ ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಕೊಟ್ಟಳು. ಹಾಕಿಕೊಂಡು ಓರೆಯಾಗಿ ನೋಡಿದರೆ ಮೇಲ್ಮೈಯ ಹೊಳಪು ಮಾಯ. ತೆಗೆದು ಗಾಜನ್ನು ಕಾಲು ಸುತ್ತು ತಿರುಗಿಸಿ ಅದರ ಮೂಲಕ ನೋಡಿದೆ, ಹೊಳಪು ಮತ್ತೆ ಬಂತು. ನೀರಿನಿಂದ ಪ್ರತಿಫಲಿಸಿದ ಬೆಳಕು ಬಹುಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಪೋಲರಾಯ್ಡ್ ಗಾಜು ಆ ದಿಕ್ಕಿನ ಕಂಪನವನ್ನು ತಡೆಯುತ್ತದೆ. ಇಷ್ಟು ನಾನು ಪಾಠ ಮಾಡಿದ್ದೇ. ಆದರೆ ಈಗ ನೋಡಿದ್ದು ಬೇರೆ. ಪ್ರತಿಫಲನ ಅಳಿಸಿಹೋದಾಗ ನೀಲಿಯೂ ಅಳಿಯಬೇಕಿತ್ತಲ್ಲ? ಅಳಿಯಲಿಲ್ಲ. ಇನ್ನಷ್ಟು ಗಾಢವಾಯಿತು!

ಓದುಗರೇ, ಇದು ನಾನು ಕಂಡುಹಿಡಿದದ್ದಲ್ಲ. ಕಡಲಿನ ನೀಲಿ ಆಕಾಶದ ಪ್ರತಿಬಿಂಬವಷ್ಟೇ ಎಂದು ಹೇಳಿದವರು ಸಾಮಾನ್ಯರಲ್ಲ, ನೊಬೆಲ್ ಪಡೆದ ಲಾರ್ಡ್ ರ್‍ಯಾಲಿ. 1921ರಲ್ಲಿ ಇಂಗ್ಲೆಂಡಿಗೆ ಹೋಗಿ ಹಿಂದಿರುಗುತ್ತಿದ್ದ ಸಿ.ವಿ. ರಾಮನ್ ಅವರಿಗೆ ಮೆಡಿಟರೇನಿಯನ್ನಿನ ನೀಲಿಯನ್ನು ಕಂಡು ಈ ಮಾತು ಒಪ್ಪಿಗೆಯಾಗಲಿಲ್ಲ. ಆಡ್ರಿಯಾಟಿಕ್ ಆ ಮೆಡಿಟರೇನಿಯನ್ನಿನದೇ ಒಂದು ತೋಳು. ಹಡಗಿನಲ್ಲಿ ಅವರ ಬಳಿ ಇದ್ದದ್ದು ನಿಕೋಲ್ ಪಟ್ಟಕ ಎಂಬ ಪುಟ್ಟ ಸಾಧನ. ಈಗಿನ ಪೋಲರಾಯ್ಡ್ ಗಾಜಿನ ಕೆಲಸವನ್ನೇ ಅದೂ ಮಾಡುತ್ತದೆ. ಸುಮಾರು 53 ಡಿಗ್ರಿ ಕೋನದಲ್ಲಿ ನೋಡಿ, ಪ್ರತಿಫಲನವನ್ನು ಅಳಿಸಿ, ನೀಲಿ ಉಳಿಯುವುದನ್ನು ಕಂಡರು. ಎಸ್.ಎಸ್. ನಾರ್ಕುಂಡಾ ಹಡಗು ಮುಂಬಯಿ ಮುಟ್ಟುವಷ್ಟರಲ್ಲಿ 'ನೇಚರ್' ಪತ್ರಿಕೆಗೆ ಕಾಗದ ಸಿದ್ಧವಾಗಿತ್ತು. ಬೆಳಕು ಚದುರುವ ಬಗ್ಗೆ ಅವರು ಆಗ ಹಿಡಿದ ದಾರಿಯೇ 1928ರ ರಾಮನ್ ಪರಿಣಾಮಕ್ಕೂ 1930ರ ನೊಬೆಲ್‌ಗೂ ಒಯ್ದಿತು.

ಬೆಂಗಳೂರಿನಲ್ಲಿ ನೆಲೆಸಿದ್ದ ರಾಮನ್ ಅವರ ಹೆಸರಿನಲ್ಲಿ ಪ್ರತಿ ಫೆಬ್ರುವರಿ 28ರಂದು ನಮ್ಮ ಶಾಲೆಯಲ್ಲಿ ಭಾಷಣ ಮಾಡುವವನು ನಾನೇ. ಹಡಗಿನ ಕಥೆಯನ್ನು ಮಕ್ಕಳಿಗೆ ರಸವತ್ತಾಗಿ ಹೇಳುತ್ತಿದ್ದೆ. ಜೂನ್ ಬಂದರೆ ಅದೇ ಮಕ್ಕಳಿಗೆ 'ಆಕಾಶದ ಪ್ರತಿಫಲನ' ಎಂದು ಬರೆಸುತ್ತಿದ್ದೆ. ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡು ಒಮ್ಮೆಯೂ ಕೂಡಿಸಿ ನೋಡಿರಲಿಲ್ಲ. ರ್‍ಯಾಲಿಯವರಿಗೆ ಕ್ಷಮೆಯುಂಟು, ಅವರು ರಾಮನ್ನರಿಗಿಂತ ಮೊದಲು ಹೇಳಿದರು. ನಾನು ಸೊನ್ನೆ ಹಾಕಿದ್ದು ರಾಮನ್ನರ ಪ್ರಯೋಗವಾಗಿ 77 ವರ್ಷಗಳ ಮೇಲೆ!

ಆಕಾಶವಿಲ್ಲದ ನೀಲಿ

ಇಷ್ಟರಲ್ಲಿ ದೋಣಿ ಲುಶ್ಟಿತ್ಸಾದ ಹೊರಮೈಗೆ ಬಂದಿತ್ತು. ಬಂಡೆಯ ಬುಡದಲ್ಲಿ ಕಮಾನಿನಂಥ ಬಾಯಿ. ಅದೇ 'ಪ್ಲಾವಾ ಶ್ಪಿಲ್ಯಾ', ನೀಲಿ ಗುಹೆ. ಎಂಜಿನ್ ಗೊಣಗುತ್ತಾ ಒಳಹೊಕ್ಕಿತು. ಚಾಲಕ ಅದನ್ನು ನಿಲ್ಲಿಸಿದ.

ತಲೆಯ ಮೇಲೆ ಸುಣ್ಣಕಲ್ಲಿನ ಛಾವಣಿ. ಆಕಾಶವೆಂಬುದೇ ಇಲ್ಲ. ಕೆಳಗೆ ನೀರು ಒಳಗಿನಿಂದ ದೀಪ ಹಚ್ಚಿಟ್ಟಂತೆ ನೀಲಿ. ಎಂಥ ನೀಲಿ ಎನ್ನಲಿ? ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ಟಿನ ನೀರಿಗೆ ಬಿಟ್ಟ ಮೊದಲ ಕ್ಷಣದ ನೀಲಿ. ದೋಣಿಯ ನೆರಳು ತಳದ ಬಿಳಿ ಮರಳಿನ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಇಬ್ಬರು ಯುವಕರು ನೀರಿಗೆ ಧುಮುಕಿದರು. ಅವರ ಕೈಕಾಲುಗಳೂ ನೀಲಿಯಾದವು. ನನ್ನ ಹೆಂಡತಿ ಮೊದಲ ಬಾರಿಗೆ ಸೀಟಿನ ಹಿಡಿಕೆ ಬಿಟ್ಟು ಬಗ್ಗಿ ಕೈಯನ್ನು ನೀರಿಗಿಟ್ಟಳು.

ಇಲ್ಲಿ ಆಗುವುದು ಇಷ್ಟೆ. ಗುಹೆಯ ಬಾಯಿಂದ ಬರುವ ಬಿಸಿಲು ಬಹುಪಾಲು ನೀರಿನೊಳಗೆ ಹೊಕ್ಕು, ಬಿಳಿ ತಳಕ್ಕೆ ತಾಗಿ ಮತ್ತೆ ನೀರಿನ ಮೂಲಕವೇ ಮೇಲೆ ಬರುತ್ತದೆ. ಬಿಸಿಲಿನಲ್ಲಿ ಏಳೂ ಬಣ್ಣಗಳಿವೆ. ನೀರಿನ ಅಣುವಿನಲ್ಲಿ ಜಲಜನಕ ಮತ್ತು ಆಮ್ಲಜನಕಗಳ ಬಂಧ ಸದಾ ಕಂಪಿಸುತ್ತಿರುತ್ತದೆ. ಆ ಕಂಪನಕ್ಕೆ ಹೊಂದುವ ಕೆಂಪು ಬೆಳಕನ್ನು ಅದು ಹೀರಿಕೊಳ್ಳುತ್ತದೆ. ಶುದ್ಧ ನೀರಿನಲ್ಲಿ ಎರಡು ಮೀಟರ್ ಸಾಗುವಷ್ಟರಲ್ಲಿ ಕಡುಗೆಂಪು ಬೆಳಕು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ನೀಲಿಯಾದರೋ ನೂರು ಮೀಟರ್ ಸಾಗಿದರೂ ಅರ್ಧದಷ್ಟು ಉಳಿದಿರುತ್ತದೆ. ಅಣುಗಳು ಬೆಳಕನ್ನು ಚದುರಿಸುವುದರಿಂದ ಎಂದು ರಾಮನ್ ಹೇಳಿದ್ದು ಸರಿಯೇ. ಅದರ ಜೊತೆಗೆ ಕೆಂಪನ್ನು ಹೀರುವ ಈ ಗುಣವೂ ದೊಡ್ಡ ಪಾಲು ಪಡೆಯುತ್ತದೆಂದು ಆಮೇಲೆ ಖಚಿತವಾಯಿತು. ಲೋಟದ ನೀರಿನಲ್ಲಿ ಇದು ಕಾಣದು, ದಾರಿ ಸಾಲದು. ಅಂತೂ ಒಂದೇ ಮಾತಿನಲ್ಲಿ ಹೇಳುವುದಾದರೆ, ನೀರಿಗೇ ಬಣ್ಣ ಇದೆ. ಮೂರು ಶಬ್ದ.

ಹಸಿರು ಕಡಲು, ಹಸಿದ ಕಡಲು

ವಾಪಸಾಗುವಾಗ ದೋಣಿ ಇನ್ನೂ ಜೋರಾಗಿ ಕುಣಿಯಿತು. ಎಲ್ಲರೂ ಒದ್ದೆ. ಹುಡುಗನ ಪ್ರಶ್ನೆಯ ಎರಡನೇ ಭಾಗ ನನ್ನ ತಲೆಯಲ್ಲಿ ಕುಣಿಯುತ್ತಿತ್ತು. ದಡದ ಬಳಿ ನೀರು ಏಕೆ ಬೇರೆ?

ನಮ್ಮ ಕರಾವಳಿಗೆ ಘಟ್ಟದ ಹೊಳೆಗಳು ಕೆಮ್ಮಣ್ಣನ್ನು ಹೊತ್ತು ತರುತ್ತವೆ. ಜೊತೆಗೆ ಪೋಷಕಾಂಶಗಳು ಬರುತ್ತವೆ, ಅವನ್ನುಂಡು ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳಾದ ಪ್ಲವಕಗಳು ಬೆಳೆಯುತ್ತವೆ. ಅವುಗಳಲ್ಲಿ ಪತ್ರಹರಿತ್ತು ಇದೆ. ಮಣ್ಣಿನ ಕಂದು, ಪ್ಲವಕದ ಹಸಿರು ಸೇರಿ ನೀರಿನ ಸ್ವಂತ ನೀಲಿಯನ್ನು ಮುಚ್ಚುತ್ತವೆ. ಬೊಕಾದ ಒಳಭಾಗ ಹಸಿರಾಗಿರುವುದೂ ಹೀಗೆಯೇ. ಅಲ್ಲಿಯ ಬೆಟ್ಟಗಳ ಮೇಲಿರುವ ತ್ಸರ್ಕ್ವಿತ್ಸೆ ಎಂಬ ಹಳ್ಳಿಯಲ್ಲಿ ವರ್ಷಕ್ಕೆ ಸುಮಾರು 4,600 ಮಿಲಿಮೀಟರ್ ಮಳೆ. ಯುರೋಪಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ನಮ್ಮ ಆಗುಂಬೆಯ ಮುಂದೆ ಅದೂ ಕಡಿಮೆಯೇ ಅನ್ನಿ. ಆ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿ, ಕೊಲ್ಲಿಯ ಅಂಚಿನಲ್ಲೂ ತಳದಲ್ಲೂ ಸಿಹಿನೀರಿನ ಬುಗ್ಗೆಯಾಗಿ ಏಳುತ್ತದೆ. ಸುಣ್ಣಕಲ್ಲು ನೀರಿನಲ್ಲಿ ಕರಗುತ್ತದೆಯೇ ಹೊರತು ಕೆಸರಾಗುವುದು ಕಡಿಮೆ. ಹಾಗಾಗಿ ಹೊರಗಿನ ಕಡಲಿಗೆ ಮಣ್ಣೂ ಇಲ್ಲ, ಗೊಬ್ಬರವೂ ಇಲ್ಲ. ನೀರು ತಿಳಿಯಾಗಿ ಉಳಿಯುತ್ತದೆ.

ತಿಳಿನೀಲಿ ಕಡಲೆಂದರೆ ಹಸಿದ ಕಡಲು. ಪ್ಲವಕವಿಲ್ಲದಿದ್ದರೆ ಮೀನೂ ಕಡಿಮೆ. ಫೋಟೊಗೆ ಅಂದ ಅವರದು, ಊಟಕ್ಕೆ ತುಂಬುವುದು ನಮ್ಮ ಕಂದುಹಸಿರು ಕಡಲೇ. ಬಲೆ ಎಲ್ಲಿ ಬಿಡಬೇಕೆಂದು ನೀರಿನ ಬಣ್ಣ ನೋಡಿ ತಿಳಿಯುವವರು ಮೀನುಗಾರರು. ಆ ಹುಡುಗನ ಅಪ್ಪ ಬಣ್ಣವನ್ನು ಓದಿದ್ದು ಬಾಳುವೆಗಾಗಿ. ನಾನು ಓದಿದ್ದು ಪರೀಕ್ಷೆಗಾಗಿ.

ಮೂರು ಮೀಟರಿನ ಕಡಲು

ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಮೂರು ಮೀಟರ್ ಉದ್ದದ ಬಿಳಿ ಪಿವಿಸಿ ಪೈಪು ತಂದೆ. ಒಂದು ತುದಿಗೆ ಗಾಜು ಅಂಟಿಸಿ, ಸೋಸಿದ ನೀರು ತುಂಬಿ, ಇನ್ನೊಂದು ತುದಿಗೂ ಗಾಜು ಅಂಟಿಸಿದೆ. ಅಂಗಳದಲ್ಲಿ ಕನ್ನಡಿಯಿಂದ ಬಿಸಿಲನ್ನು ಒಂದು ತುದಿಗೆ ತಿರುಗಿಸಿ, ಇನ್ನೊಂದು ತುದಿಯಿಂದ ನೋಡಲು ಮಕ್ಕಳನ್ನು ಸಾಲು ನಿಲ್ಲಿಸಿದೆ. ನೀಲಿ ಗುಹೆಯ ವೈಭವವೇನೂ ಕಾಣಲಿಲ್ಲ. ಬಲು ನಸುವಾದ ಹಸಿರುನೀಲಿ, ಅಷ್ಟೆ. ಆದರೆ ಕಂಡಿತು. ಆಮೇಲೆ ತರಗತಿಗೆ ಹೋಗಿ, ಈ ಪಾಠವನ್ನು ನಾನು ಹಲವು ವರ್ಷ ತಪ್ಪಾಗಿ ಹೇಳಿದ್ದೇನೆ ಎಂದೆ. ಒಬ್ಬ ಹುಡುಗ ಕಳೆದ ಶತಮಾನದಲ್ಲೇ ಸರಿಯಾಗಿ ಬರೆದಿದ್ದ ಎಂದೂ ಹೇಳಿದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಸಾರ್, ನೀರು ನೀಲಿಯಾದ್ರೆ ಮಂಜುಗಡ್ಡೆ ಯಾಕೆ ಬೆಳ್ಳಗಿರ್ತದೆ?" ಒಳ್ಳೆಯ ಪ್ರಶ್ನೆ, ನಾಳೆ ಓದಿಕೊಂಡು ಬಂದು ಹೇಳುತ್ತೇನೆ ಎಂದೆ. ತರಗತಿ ನಗಲಿಲ್ಲ.

ಆ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ಜೊತೆ ದೋಣಿಗೆ ಹೋದನೆಂದು ಕೇಳಿದ್ದೆ. ಈಗ ನಲವತ್ತು ದಾಟಿರಬೇಕು. ಅವನ ಮಕ್ಕಳೂ ಯಾವುದಾದರೂ ಶಾಲೆಯಲ್ಲಿ ಓದುತ್ತಿರಬಹುದು. ಮೀನು ಕಟ್ಟಿಕೊಟ್ಟ ಕಾಗದವಾಗಿಯಾದರೂ ಈ ಪುಟ ಅವನ ಕೈಗೆ ಬಿದ್ದರೆ ಒಂದು ಮಾತು: ಅಪ್ಪ ಹೇಳಿದ್ದು ಸರಿ, ನೀನು ಬರೆದದ್ದೂ ಸರಿ. ಎರಡಕ್ಕೆ ಎರಡು ಅಂಕ ನಿನಗೆ ಸಲ್ಲಬೇಕಿತ್ತು. ತಡವಾಯಿತು, ತಪ್ಪು ನನ್ನದು.